ಸ್ನೇಹ ಬಳಗ ಎಲ್ಲರನ್ನೂ ಒಳಗೊಂಡದ್ದು

ಹಳೆಯ ಕಟ್ಟಡದ ಚಾವಣಿಯಿಂದ ಒಂದು ಹಿಡಿ ಗಾರೆ ಕಳಚಿ ಸಾಮಾನ್ಯ ಸದಸ್ಯನ ತಲೆಯ ಮೇಲೆ ಬಿದ್ದರೆ ಅದು ಅವನ ಗ್ರಹಚಾರ. ಅದೇ ಗಾರೆ ಅಧ್ಯಕ್ಷರ ಪಾಯಸದ ಬಟ್ಟಲೊಳಗೆ ಬಿದ್ದರೆ ಅದು ಸಂಸ್ಥೆಯ ಬಿಕ್ಕಟ್ಟು. ಮುಂಬಯಿಯ ಭಾಂಡುಪ್ ಕನ್ನಡ ಸ್ನೇಹ ಬಳಗದ ವಾರ್ಷಿಕೋತ್ಸವದಂದು ನಡೆದದ್ದು ಎರಡನೆಯದು.

ಅಧ್ಯಕ್ಷ ದೂಮಣ್ಣನವರು ಬೈಕುಲ್ಲಾದಲ್ಲೊಂದು, ಭಾಂಡುಪ್ ಸ್ಟೇಷನ್ನಿನ ಎದುರಿಗೊಂದು, ಹೀಗೆ ಎರಡು ಹೋಟೆಲುಗಳ ಧಣಿ. ಎಂಥ ಆಘಾತಕ್ಕೂ ಎಲೆಯ ಮುಂದಿನಿಂದ ಏಳದ ಧೀರ. ಅಂದು ಅವರು ಬಟ್ಟಲಲ್ಲಿ ಮುಳುಗುತ್ತಿದ್ದ ಸಿಮೆಂಟಿನ ಗಟ್ಟಿಯನ್ನೂ ನೆತ್ತಿಯ ಮೇಲೆ ಬಯಲಾದ ತುಕ್ಕು ಸರಳುಗಳನ್ನೂ ಸರದಿಯಂತೆ ನೋಡಿ, ನಿಟ್ಟುಸಿರಿಟ್ಟು, ಇನ್ನೊಂದು ಬಟ್ಟಲು ತರಿಸಿಕೊಂಡರು.

ಅತಿಥಿಯಾಗಿ ಪಕ್ಕದಲ್ಲೇ ಕುಳಿತಿದ್ದವರು ಬಿಲ್ಡಿಂಗ್ ಸೊಸೈಟಿಯ ಮುಖ್ಯಸ್ಥ ಹಿತೇಶ್ ಭಾಯಿ. ಬಳಗದವರು ಕೂಡುವ ಆ ನೆಲಮಹಡಿಯ ಖೋಲಿಯ ಮೇಲೆ ಅವರಿಗೆ ಬಹುಕಾಲದಿಂದ ಕಣ್ಣು. ಸ್ಕೂಟರ್ ನಿಲ್ಲಿಸಲು ಅಷ್ಟು ಪ್ರಶಸ್ತವಾದ ಸ್ಥಳ ಇಡೀ ಪೂರ್ವ ಉಪನಗರದಲ್ಲಿ ಇನ್ನೊಂದಿಲ್ಲವೆಂದು ಅವರ ದೃಢ ನಂಬಿಕೆ.

"ದೇಖೋ ಸೇಠ್," ಎಂದರು ಅವರು, ಮಜ್ಜಿಗೆಯನ್ನು ಕೆಳಗಿಡದೆ. "ಬಾರಿಶ್ ಕೇ ಪೆಹಲೇ ರಿಪೇರಿ ಕರೋ. ನಹೀಂ ತೋ ಖೋಲಿ ಖಾಲಿ ಕರೋ."

ಪಂಕ್ತಿಯುದ್ದಕ್ಕೂ ಮೌನ ಹರಡಿತು. ರಿಪೇರಿಗೆ ಅವರು ಕೊಟ್ಟ ಗಡುವಾದ ಮಳೆಗಾಲ ದೂರವಿರಲಿಲ್ಲ. ಬಳಗದ ಹತ್ತಿರ ಚಾವಣಿಗೆ ಸುಣ್ಣ ಹೊಡೆಸುವಷ್ಟೂ ದುಡ್ಡಿನ ಬಲವಿರಲಿಲ್ಲ. ಆ ಖೋಲಿ ಹೋದರೆ ಬಳಗಕ್ಕೆ ಉಳಿಯುವುದು ಒಂದು ಬ್ಯಾನರು, ಒಂದು ಜೊತೆ ತಾಳ, ಮತ್ತು ಕಾರ್ಯದರ್ಶಿ ಶೇಖರ.

ಈ ಶೇಖರನ ವಿಷಯವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ದೂಮಣ್ಣನವರ ಭಾಂಡುಪ್ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಈ ಸಜ್ಜನ ತನ್ನ ಐವತ್ತು ವರ್ಷಗಳ ಜೀವಿತಾವಧಿಯಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ಉಚ್ಚರಿಸಿದವನಲ್ಲ. ಸ್ಟೇಷನ್ನಿನಲ್ಲಿ ಯಾರಾದರೂ ದಾರಿ ಕೇಳಿದರೆ, ತಪ್ಪಾದರೂ ಸರಿ, ಪೂರ್ತಿ ಹೇಳಿ ಕಳಿಸುತ್ತಿದ್ದ. ಮೌನವೆಂದರೆ ಅವನಿಗೆ ತೆರೆದಿಟ್ಟ ನಲ್ಲಿಯ ಹಾಗೆ. ಎದ್ದು ಹೋಗಿ ಏನಾದರೂ ಮಾಡದೆ ಇರಲಾರ. ಎದ್ದ. ಮೈಕು ಹಿಡಿದ.

"ಮಾನ್ಯರೇ, ಯಾರೂ ಚಿಂತೆ ಮಾಡುವುದು ಬೇಡ. ನಮ್ಮ ಖೋಲಿಗೆ ಪಾಲಿಕೆಯ ಅನುದಾನ ಬಂದ ಹಾಗೆಯೇ!"

ಚಪ್ಪಾಳೆಯ ಸದ್ದಿಗೆ ಇನ್ನೊಂದು ಹಿಡಿ ಗಾರೆ ಬಿತ್ತು.

ಅವನಲ್ಲಿದ್ದ ಸಮಸ್ತ ಮಾಹಿತಿಯೆಂದರೆ ಅಂಧೇರಿಯ ಆಫೀಸೊಂದರಲ್ಲಿ ಕೆಲಸ ಮಾಡುವ ಮಗ ರೋಶನ್ ಅಂದು ಬೆಳಗ್ಗೆ ದೋಸೆ ತಿನ್ನುತ್ತ ಹೇಳಿದ ಒಂದು ಮಾತು: "ಪಪ್ಪಾ, ಡೈವರ್ಸಿಟಿ ಅಂತ ನಮ್ಮ ಆಫೀಸಲ್ಲಿ ಪೂರಾ ದಿನ ಟ್ರೈನಿಂಗ್ ಇತ್ತು. ವಾರ್ಡ್ ಆಫೀಸ್ ಕೂಡ ಅದಕ್ಕೆ ಸಂಸ್ಥಾವಾಲೋಂಕೋ ಗ್ರಾಂಟ್ ಕೊಡ್ತದೆ ಅಂತೆ, ಮಾಲೂಮ್?"

ಮನೆಗೆ ಬಂದೊಡನೆ ಹೆಂಡತಿ ಮೋಹಿನಿ ಬಾಗಿಲಲ್ಲೇ ತಡೆದಳು.

"ಬಂದ ಹಾಗೆಯೇ ಅಂದರೆ ಎಂತ? ಬಂದಿದೆಯಾ, ಇಲ್ಲವಾ?"

"ಬರ್ತಾ ಉಂಟು."

"ಎಲ್ಲಿಯವರೆಗೆ ಬಂತು?"

"ಅರ್ಜಿ ಹಾಕಿದ ಕೂಡಲೇ ಹೊರಡ್ತದೆ."

ಮೋಹಿನಿ ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದಳು. ಈ ಸಂಸಾರದಲ್ಲಿ ಅದು ದಿನಕ್ಕೆ ಹಲವು ಸಲ ನಡೆಯುವ ಕ್ರಿಯೆ.

ಅರ್ಜಿಯನ್ನು ರೋಶನ್ ಮೊಬೈಲಿನಲ್ಲೇ ತುಂಬಿ ಕಳಿಸಿದ. ಕೆಲವೇ ವಾರಗಳಲ್ಲಿ, ಒಂದು ಭಾನುವಾರದ ಮಧ್ಯಾಹ್ನ, ವಾರ್ಡ್ ಆಫೀಸಿನ ಅನುರಾಧಾ ಮೇಡಂ ಸ್ವತಃ ಖೋಲಿಯನ್ನು ನೋಡಲು ಬಂದರು. ಮರಾಠಿಯವರು, ಹಿಂದಿಯಲ್ಲಿ ಮಾತಾಡಿದರು, ಕಾಫಿಯನ್ನು ಸಕ್ಕರೆಯಿಲ್ಲದೆ ಕುಡಿದರು. ಈ ಕೊನೆಯ ಸಂಗತಿಯಿಂದ ಅಲ್ಲಿದ್ದ ಹೋಟೆಲಿಗರೆಲ್ಲರೂ ಅವರು ಲಂಚಕ್ಕೆ ಬಗ್ಗುವವರಲ್ಲವೆಂದು ತೀರ್ಮಾನಿಸಿದರು.

"ನಿಮ್ಮ ಸಂಸ್ಥೆಯಲ್ಲಿ ವೈವಿಧ್ಯ ಎಲ್ಲಿದೆ, ಶೇಖರ್ ಜೀ?"

"ಬೇಕಾದಷ್ಟು ಉಂಟು ಮೇಡಂ," ಎಂದು ಶೇಖರ ಕೈ ಬೀಸಿ ತೋರಿಸಿದ. "ಇವರು ಕುಂದಾಪುರದವರು. ಇವರು ಕಾರ್ಕಳ. ಆಚೆಯವರು ಮೂಲ್ಕಿ. ಮೂಲೆಯಲ್ಲಿ ಕೂತವರು ಕಾಸರಗೋಡು. ಅವರದ್ದು ರಾಜ್ಯವೇ ಬೇರೆ!"

"ಎಲ್ಲರೂ ಏನು ಉದ್ಯೋಗದಲ್ಲಿದ್ದಾರೆ?"

"ಅದರಲ್ಲೂ ವೈವಿಧ್ಯವೇ. ಕೆಲವರದ್ದು ಶುದ್ಧ ಸಸ್ಯಾಹಾರಿ ಹೋಟೆಲು, ಕೆಲವರದ್ದು ಬಾರು."

"ಹೆಂಗಸರು?"

"ಒಳಗಿದ್ದಾರೆ ಮೇಡಂ."

"ಸಮಿತಿಯ ಒಳಗಾ?"

ಅಷ್ಟರಲ್ಲಿ ಒಳಗಿನಿಂದ ಕುಕ್ಕರಿನ ಸೀಟಿ ಕೇಳಿ, ಶೇಖರನ ಉತ್ತರವನ್ನು ಅನಗತ್ಯವಾಗಿಸಿತು.

ಮೇಡಂ ಲೋಟವನ್ನು ಕೆಳಗಿಟ್ಟರು. "ನೋಡಿ, ಈ ಅನುದಾನ ಎಲ್ಲರನ್ನೂ ಒಳಗೊಳ್ಳುವ ಸಂಸ್ಥೆಗಳಿಗೆ. ಈ ವಾರ್ಡಿನಲ್ಲೇ ಇದ್ದು ಇದುವರೆಗೆ ನಿಮ್ಮ ಹೊಸ್ತಿಲು ದಾಟದವರು ಎಷ್ಟು ಜನರಿಲ್ಲ? ಕೂಲಿಯವರು, ಬೇರೆ ಕಡೆಯವರು, ಹೆಂಗಸರು. ಅವರೂ ನೀವೂ ಒಂದೇ ಖೋಲಿಯಲ್ಲಿ ಕೂತು ಮಾತಾಡಿ, ಒಂದು ತೀರ್ಮಾನ ಮಾಡುವುದನ್ನು ನಾನು ಕಣ್ಣಾರೆ ನೋಡಬೇಕು. ಬರೀ ಕೂರಿಸಿದರೆ ಸಾಲದು. ತಿಂಗಳ ಕೊನೆಗೆ ಮತ್ತೆ ಬರುತ್ತೇನೆ."

ಅವರು ಹೋದ ಮೇಲೆ ದೂಮಣ್ಣನವರು ಹೀಗೆ ಅಪ್ಪಣೆ ಕೊಡಿಸಿದರು: "ಯಾರನ್ನು ಬೇಕಾದರೂ ಒಳಗೊಳ್ಳು ಮಾರಾಯ, ನನ್ನದೇನೂ ಅಡ್ಡಿಯಿಲ್ಲ. ಒಳಗೆ ಮಾತ್ರ ಬರುವುದು ಬೇಡ."

"ದೂಮಣ್ಣ, ಒಳಗೆ ಬಾರದೆ ಹೇಗೆ ಒಳಗೊಳ್ಳುವುದು?"

"ಹಾಗಾದರೆ ಬರಲಿ. ಹಿಂದೆ ಕೂರಲಿ. ಮೇಡಂ ಹೋದ ಕೂಡಲೇ ಅವರೂ ಹೋಗಲಿ."

ಮಾರನೆಯ ಬೆಳಗ್ಗೆ ಶೇಖರ ಇಸ್ತ್ರಿ ಅಂಗಿ ತೊಟ್ಟು ನಾಕಾಕ್ಕೆ ಹೊರಟ. ಸ್ಟೇಷನ್ನಿನಿಂದ ಸ್ವಲ್ಪ ಆಚೆ, ಹೋಟೆಲಿನ ಎದುರು ರಸ್ತೆ ಕೂಡುವಲ್ಲಿ, ದಿನಗೂಲಿಯವರು ಕೆಲಸಕ್ಕೆ ಕರೆಯುವವರನ್ನು ಕಾಯುತ್ತ ನಿಲ್ಲುವ ಜಾಗವದು. ನಿಲ್ಲುವವರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು; ಶುದ್ಧ ಕನ್ನಡಿಗರು. ಶೇಖರ ಇಪ್ಪತ್ತು ವರ್ಷಗಳಿಂದ ಅವರ ಮುಂದೆಯೇ ಓಡಾಡುತ್ತಿದ್ದರೂ ಅವರನ್ನು ರಸ್ತೆಯ ಒಂದು ಭಾಗವೆಂದೇ ತಿಳಿದಿದ್ದ. ಅಂದು ಮೊದಲ ಬಾರಿ ನಿಂತು, ಕಂಟ್ರಾಕ್ಟರುಗಳು ಕೂಗುವುದನ್ನು ನೋಡಿ ಕಲಿತ ಧಾಟಿಯಲ್ಲಿ ಕೂಗಿದ:

"ನನಗೆ ಇಪ್ಪತ್ತೈದು ಜನ ಬೇಕು! ಹೆಂಗಸರು ಹೆಚ್ಚಿರಲಿ!"

ಜನ ಮುಗಿಬಿದ್ದರು. ಅವರನ್ನು ಎರಡೂ ಕೈಯಿಂದ ಸರಿಸಿಕೊಂಡು ಮುಂದೆ ಬಂದ ಹೆಂಗಸು ಗುರುಬಾಯಿ. ಆ ನಾಕಾದಲ್ಲಿ ಯಾರ ಜೊತೆ ಯಾರು ಹೋಗಬೇಕು, ಎಷ್ಟಕ್ಕೆ ಹೋಗಬೇಕು ಎಂಬುದು ಅವಳ ಬಾಯಿಂದ ಹೊರಟ ಮೇಲೆಯೇ ನಿಶ್ಚಯವಾಗುತ್ತಿತ್ತು.

"ಏನ್ ಕೆಲಸಾರಿ? ಗ್ವಾಡಿಗೆ ಗಿಲಾವೋ, ಮ್ಯಾಲ ಸ್ಲ್ಯಾಬೋ?"

"ಕೆಲಸ ಎಂತದ್ದೂ ಇಲ್ಲ. ಭಾನುವಾರ ಬಂದು ಕೂರುವುದು."

"ಕುಂದರೂದು?"

"ನಮ್ಮ ಬಳಗದಲ್ಲಿ. ಸದಸ್ಯರಾಗಿ. ಮತ್ತೆ ಊಟ ಉಂಟು."

ಗುರುಬಾಯಿಯ ತಮ್ಮ ನಿಂಗಣ್ಣ ಅವಳ ಕಿವಿಯಲ್ಲಿ, ಆದರೆ ಇಡೀ ನಾಕಾಕ್ಕೆ ಕೇಳುವಂತೆ ಹೇಳಿದ: "ಯಕ್ಕಾ, ಇಂವ ಕಿಡ್ನಿ ತಗಿಯೂ ಪೈಕಿ ಇರಬೇಕ ನೋಡ. ಮೊದ್ಲ ಉಣ್ಣಾಕ ಹಾಕ್ತಾರಂತ."

"ಛೆ ಛೆ, ಎಂತ ಮಾತು ಅದು! ನಾನು ಆ ಹೋಟೆಲಿನ ಮ್ಯಾನೇಜರು. ನಾವೂ ಕನ್ನಡದವರೇ ಅಲ್ಲವಾ? ನೀವು ನಮ್ಮವರು!"

"ಹೌದೇನ್ರಿ ಅಣ್ಣಾರ?" ಗುರುಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ನಿಮ್ಮ ಹೋಟೇಲ್ ಮುಂದ ಇಪ್ಪತ್ತ ವರ್ಷ ನಿಂತೀವಿ. ಚಾ ತಗೊಂಡ್ರ ಹೊರಗ ನಿಂತ ಕುಡೀರಿ ಅಂತ ಕೈ ಮಾಡಿ ತೋರಸ್ತಿದ್ರಿ. ನಿನ್ನಿ ರಾತ್ರಿ ಮಲಗಿ ಎದ್ದೂದ್ರಾಗ ನಿಮ್ಮವ್ರಾದ್ವಿ?"

ಎಲ್ಲ ಪ್ರಶ್ನೆಗೂ ಉತ್ತರವುಳ್ಳ ಶೇಖರ ಇದಕ್ಕೂ ಉತ್ತರ ಹುಡುಕಿದ. "ಹೊರಗೆ ಗಾಳಿ ಚೆನ್ನಾಗಿ ಬರ್ತದೆ ಅಂತ..."

ನಾಕಾ ನಕ್ಕಿತು. ಗುರುಬಾಯಿಯೂ ನಕ್ಕಳು, ಆದರೆ ವ್ಯವಹಾರ ಬಿಡಲಿಲ್ಲ.

"ಇರ್ಲಿ. ನಿಮ್ಮ ಖೋಲಿ ಹಗಲ ಹೊತ್ತಿನ್ಯಾಗ ಖಾಲಿ ಇರ್ತೈತೇನು?"

"ಹೂಂ."

"ಮಳಿಗಾಲ ಬಂತು. ನಾವು ಮ್ಯಾಲ ಗಿಲಾವ್ ಮಾಡ್ತಿರತೀವಿ, ನಮ್ಮ ಕೂಸುಗೋಳು ಕೆಳಗ ಕಬ್ಬಣದ ಸಳಿ, ಮೊಳಿ, ಕೆಸರಿನ್ಯಾಗ ಆಡ್ತಿರತಾವ. ಹ್ವಾದ ವರ್ಷ ಲಕ್ಷ್ಮವ್ವನ ಮಗಾ ಕಾಲಾಗ ಸಳಿ ಹೊಗಿಸಿಕೊಂಡ. ಹಗಲ ಆ ಖೋಲ್ಯಾಗ ಅವನ್ನ ಕುಂದರಸಾಕ ಬಿಡ್ತೀರೇನು? ಬಿಡೂದಾದ್ರ ಬರ್ತೀವಿ. ಊಟ ನಿಮ್ಮ ಕಡಿಗೇ ಇಟ್ಕೋರಿ."

"ಬಿಡದೆ ಎಂತ? ಖಂಡಿತ!"

ಊರಿನಲ್ಲಿ ಎರಡು ಸಲ ಪಂಚಾಯತಿ ಮೆಂಬರಾಗಿ, ಮೂರನೆಯ ಸಲ ಸೋತು ಮುಂಬಯಿಗೆ ಬಂದಿದ್ದ ಕಾಶಿನಾಥ ಹಿಂದಿನಿಂದ ಕೇಳಿದ: "ಮೆಂಬರ್ ಅಂದ್ರ ನಮಗ ಓಟೂ ಐತೇನ್ರಿ?"

"ಉಂಟು, ಉಂಟು. ಎಲ್ಲವೂ ಉಂಟು."

ಹೋಟೆಲಿನ ಗಲ್ಲಾದ ಮೇಲೆ 'ಎಲ್ಲವೂ ಉಂಟು' ಎಂಬುದು ನಿರಪಾಯಕಾರಿ ಮಾತು. ಕೇಳಿದ ಗಿರಾಕಿ ಕೊನೆಗೆ ಇಡ್ಲಿಗೇ ಬಂದು ನಿಲ್ಲುತ್ತಾನೆ. ಕಾಶಿನಾಥ ಇಡ್ಲಿಗೆ ನಿಲ್ಲುವ ಗಿರಾಕಿಯಲ್ಲವೆಂಬುದು ಶೇಖರನಿಗೆ ಆಗ ತಿಳಿಯಲಿಲ್ಲ. ಅಂದೇ ಸಂಜೆ ಇಪ್ಪತ್ತೈದು ಜನರ ಸದಸ್ಯತ್ವ ಸಾಂಗವಾಗಿ ನೆರವೇರಿತು.

ಆ ಭಾನುವಾರ ಬಳಗದ ಸರ್ವಸದಸ್ಯರ ಸಭೆ. ನೋಟೀಸಿನಲ್ಲಿ ಸಂಜೆ ಆರಕ್ಕೆ ಎಂದಿತ್ತು. ಇಲ್ಲಿ ಓದುಗರಿಗೆ ಒಂದು ಸೂಕ್ಷ್ಮವನ್ನು ತಿಳಿಸಬೇಕು. ಹೋಟೆಲು ನಡೆಸುವವರಿಗೆ ಸಂಜೆ ಆರೆಂದರೆ ಗಿರಾಕಿಯ ಹೊತ್ತು. ಆದ್ದರಿಂದ ಬಳಗದ ಶಾಸ್ತ್ರದಲ್ಲಿ ಆರಕ್ಕೆ ಬರತಕ್ಕವನು ಮೈಕಿನವನು, ಏಳಕ್ಕೆ ಕಾರ್ಯದರ್ಶಿ, ಎಂಟಕ್ಕೆ ಉಳಿದ ಸಮಸ್ತರು ಮತ್ತು ಅನ್ನ. ಅಷ್ಟರೊಳಗೆ ಶೇಖರ ಖಾಲಿ ಕುರ್ಚಿಗಳಿಗೆ ವರದಿ ಓದಿ, ಹಿಂದಿನ ಸಮಿತಿಯೇ ಮುಂದುವರಿಯತಕ್ಕದ್ದೆಂದು ತಾನೇ ಸೂಚಿಸಿ, ತಾನೇ ಅನುಮೋದಿಸಿ ಮುಗಿಸಿರುತ್ತಿದ್ದ. ಮೂವತ್ತು ವರ್ಷಗಳಿಂದ ಬಳಗದ ಪ್ರಜಾಪ್ರಭುತ್ವ ಈ ಕ್ರಮದಲ್ಲಿ ಯಾವ ಕುಂದೂ ಇಲ್ಲದೆ ನಡೆದುಬಂದಿತ್ತು.

ನಾಕಾದ ಶಾಸ್ತ್ರ ಬೇರೆ. ಅಲ್ಲಿ ಹೇಳಿದ ಹೊತ್ತಿಗಿಂತ ಮೊದಲೇ ಬಾರದವನಿಗೆ ಅಂದಿನ ಕೆಲಸವಿಲ್ಲ.

ಆರಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಗುರುಬಾಯಿಯ ಮುಂದಾಳುತನದಲ್ಲಿ ಇಪ್ಪತ್ತೈದು ಜನವೂ ಬಂದು ಕುರ್ಚಿ ಹಿಡಿದರು. ಹೊಸಬರಿಗೆಂದು ಅಂದು ಬೇಗನೆ ಬಂದಿದ್ದ ಶೇಖರ, ಹಿಂದೆ ಕೂರಿಸಬೇಕೆಂಬ ಅಪ್ಪಣೆ ನೆನಪಾಗಿ ಬಾಯಿ ತೆರೆದ. ಮುಂದೆ ಯಾರೂ ಇಲ್ಲದಿರುವಾಗ ಹಿಂದೆ ಎಂಬುದು ಯಾವುದು ಎಂದು ಹೊಳೆಯದೆ ಮುಚ್ಚಿದ.

"ಆರು ಆತ್ರಿ. ಚಾಲೂ ಮಾಡ್ರಿ," ಎಂದಳು ಗುರುಬಾಯಿ.

"ಸ್ವಲ್ಪ ಕಾಯುವಾ. ನಮ್ಮವರು ಬರಲಿ."

"ಆರು ಅಂತ ನೀವ ಬರದೀರಿ. ನಾವು ನಸಕಿನ್ಯಾಗ ಏಳೂ ಮಂದಿ."

ಶೇಖರ ಯೋಚಿಸಿದ. ಪ್ರತಿವರ್ಷ ಕುರ್ಚಿಗಳಿಗೆ ಓದುವುದನ್ನು ಈ ವರ್ಷ ಮನುಷ್ಯರಿಗೆ ಓದಿದರೆ ಆಗುವ ನಷ್ಟವಾದರೂ ಏನು? ಓದಿದ. ವರದಿ ಮುಗಿಸಿ, ಉಸಿರು ತೆಗೆದುಕೊಳ್ಳದೆ, "ಇನ್ನು ಹಿಂದಿನ ಸಮಿತಿಯೇ ಮುಂದುವರಿಯತಕ್ಕದ್ದು" ಎಂದ.

"ಒಂದ ನಿಮಿಷರಿ," ಎಂದು ಎದ್ದು ನಿಂತ ಕಾಶಿನಾಥನ ಮುಖದಲ್ಲಿ, ಸೋತ ಮೇಲೆ ಮತ್ತೆ ಕಾಣದಿದ್ದ ಕಳೆ ಬಂದಿತ್ತು. "ಹಿಂದಿನ ಸಮಿತಿಯವರು ಎಲ್ಲೈದಾರ?"

"ಬರ್ತಾರೆ. ಎಂಟಕ್ಕೆ."

"ಚುನಾವಣಿ ಆರಕ್ಕ, ಉಮೇದವಾರ ಎಂಟಕ್ಕ? ನಮ್ಮ ಪಂಚಾಯತ್ಯಾಗ ಹಿಂಗ ಬಂದಾವ್ನ ಡಿಪಾಜಿಟ್ಟ ಹೋಗ್ತಿತ್ತು. ನಾನು ಗುರುಬಾಯಿಯವ್ರ ಹೆಸರ ಸೂಚಸ್ತೀನಿ."

"ನಂದೂ ಅದಽ," ಎಂದ ನಿಂಗಣ್ಣ.

ಕೈಗಳು ಮೇಲೆದ್ದವು. ಶೇಖರ ಬಾಗಿಲ ಕಡೆ ನೋಡಿದ; ಮೈಕಿನವನು ಬಿಟ್ಟರೆ ಕರಾವಳಿಯ ಪರವಾಗಿ ನರಪಿಳ್ಳೆಯೂ ಕಾಣಲಿಲ್ಲ, ಮೈಕಿನವನಾದರೋ ಬಿಹಾರದವನು. ಗಡಿಯಾರದ ದೊಡ್ಡ ಮುಳ್ಳು ಕೆಳಗಿಳಿದು ಮೇಲೆ ಬರುವುದರೊಳಗೆ ಗುರುಬಾಯಿ ಅಧ್ಯಕ್ಷೆ, ಲಕ್ಷ್ಮವ್ವ ಉಪಾಧ್ಯಕ್ಷೆ, ನಿಂಗಣ್ಣ ಖಜಾಂಚಿಯಾದರು. ಕಾರ್ಯದರ್ಶಿಯ ಸ್ಥಾನ ಬಂದಾಗ ಗುರುಬಾಯಿ ಉದಾರಳಾದಳು: "ಅಣ್ಣಾರ ಇರ್ಲಿ. ಕರದ ತಂದಾರ, ಹೊರಗ ಹಾಕೂದು ಬರೋಬರಿ ಅಲ್ಲ."

ಎಂಟಕ್ಕೆ ಸರಿಯಾಗಿ, ಸ್ನಾನ ಮುಗಿಸಿ ಗಂಧ ಹಚ್ಚಿಕೊಂಡು, ಸಂಸಾರ ಸಮೇತರಾಗಿ ದೂಮಣ್ಣನವರೂ ಬಳಗದ ಸಕಲರೂ ಪಾದ ಬೆಳೆಸಿದರು. ದೂಮಣ್ಣನವರು ನೇರ ಅಧ್ಯಕ್ಷರ ಕುರ್ಚಿಯತ್ತ ನಡೆದು, ಅರ್ಧ ಕುಳಿತ ಮೇಲೆ ಅದರಲ್ಲಿ ಬೇರೊಬ್ಬರಿರುವುದನ್ನು ಗಮನಿಸಿ ಎದ್ದರು.

"ಯಾರಮ್ಮ ನೀನು?"

"ಅಧ್ಯಕ್ಷೆ ಅದೀನ್ರಿ. ನೀವು ಯಾರು? ಹೊಸಾ ಮೆಂಬರೇನು?"

ಶೇಖರ ನಡೆದುದನ್ನು ವಿವರಿಸಿದ. ವಿವರಣೆ ಮುಂದುವರಿದಂತೆ ದೂಮಣ್ಣನವರ ಮುಖ ಸಾಂಬಾರಿನ ಬಣ್ಣದಿಂದ ರಸಂ ಬಣ್ಣಕ್ಕೆ ತಿರುಗಿತು.

"ಹಾಗಾದರೆ ನಾನು ಹೋದೆ, ಇವರು ಹೋದರು, ಅವರು ಹೋದರು; ನೀನೊಬ್ಬ ಮಾತ್ರ ಇದ್ದಲ್ಲೇ ಇದ್ದಿ! ಹೌದನಾ? ಸಾಧು ಪ್ರಾಣಿ ಅಂತ ತಿಳಿದಿದ್ದೆ ಮಾರಾಯ. ಎಂತ ಸಂಚು! ಎಂತ ಒಳಸಂಚು! ನಾವು ಈ ಕ್ಷಣವೇ ಬಹಿಷ್ಕಾರ ಹಾಕಿ ಹೊರಡ್ತೇವೆ!"

ಆ ಕ್ಷಣದಲ್ಲಿ ಒಳಗೆ ಮೋಹಿನಿ ಕೋರಿರೊಟ್ಟಿಯ ಕೋಳಿಸಾರಿನ ಪಾತ್ರೆಯ ಮುಚ್ಚಳ ತೆಗೆದಳು. ಬಹಿಷ್ಕಾರವನ್ನು ಊಟದ ನಂತರಕ್ಕೆ ಮುಂದೂಡಲಾಯಿತು. ಎರಡು ಗುಂಪಿನವರೂ ಮುಖಾಮುಖಿ ಕುಳಿತು ಉಂಡರು. ಕೈತೊಳೆದ ಮೇಲೆ ಕರಾವಳಿಯವರು ಶಿಸ್ತಿನಿಂದ, ಬೀಡ ಹಾಕಿಕೊಂಡು, ಹೊರನಡೆದರು.

ಮರುದಿನದಿಂದ ಶೇಖರನ ಬದುಕು ಬದುಕಾಗಿ ಉಳಿಯಲಿಲ್ಲ. ದೂಮಣ್ಣನವರು ಸ್ವತಃ ಗಲ್ಲಾದ ಮೇಲೆ ಕುಳಿತು ಅವನನ್ನು ಪಾರ್ಸೆಲ್ ಕಟ್ಟುವ ಕಡೆಗೆ ತಳ್ಳಿದರು. ಬೈಕುಲ್ಲಾದಿಂದ ಅವನ ಷಡ್ಡಕ ಫೋನು ಮಾಡಿ, "ಭಾವ, ನೀವು ಪಾಲಿಕೆಯ ನಗರಸೇವಕನ ಚುನಾವಣೆಗೆ ನಿಲ್ಲುವುದಂತೆ? ಇಲ್ಲದಿದ್ದರೆ ಇಷ್ಟು ಕೂಲಿಯವರನ್ನು ಯಾಕೆ ಒಟ್ಟು ಮಾಡುವುದು?" ಎಂದು ಕೇಳಿದ. ಶೇಖರ ಅಲ್ಲವೆಂದ. ಅಲ್ಲವೆಂದು ಹೇಳುವವನೇ ನಿಲ್ಲುವವನೆಂಬುದು ಮುಂಬಯಿಯ ಅನುಭವವಾದ್ದರಿಂದ ಸಂಜೆಯ ಹೊತ್ತಿಗೆ ಸುದ್ದಿ ಖಚಿತವಾಯಿತು. ಮೇಲಿನ ಮಹಡಿಯ ಇಂದ್ರಾಬಾಯಿ ನೀರಿನ ಪೈಪಿನ ಅಹವಾಲು ತಂದಳು. ಪಾರ್ಸೆಲ್ ಒಯ್ಯಲು ಬಂದವರು ಚಟ್ನಿ ಹೆಚ್ಚು ಹಾಕಿಸಿಕೊಂಡು, "ಓಟು ನಿಮಗೇ" ಎಂದು ಭರವಸೆಯಿತ್ತರು.

"ಹೋಗಿ ದೂಮಣ್ಣನ ಕಾಲು ಹಿಡಿಯಿರಿ," ಎಂದಳು ಮೋಹಿನಿ. "ಆ ಚುನಾವಣೆ ಸುಳ್ಳು ಅಂತ ಬರೆದುಕೊಡಿ."

"ಸುಳ್ಳಲ್ಲವಲ್ಲ. ನಾನೇ ಆರಕ್ಕೆ ಅಂತ ಬರೆದದ್ದು. 'ಹಗಲು ಮಕ್ಕಳನ್ನು ಕೂರಿಸಿ' ಅಂತ ಹೇಳಿದ್ದೂ ನಾನೇ."

"ನೀವು ಹೇಳಿದ್ದು ಯಾವಾಗ ಸರಿಯಾದದ್ದುಂಟು?"

"ಇದೊಂದು ಆಗಲಿ ಅಂತ," ಎಂದ ಶೇಖರ. ಮೋಹಿನಿ ಅವನ ಮುಖವನ್ನು ಎರಡನೆಯ ಸಲ ನೋಡಿದಳು. ದೇವರ ಕೋಣೆಯ ಕಡೆ ಮಾತ್ರ ತಿರುಗಲಿಲ್ಲ.

ತಿಂಗಳ ಕೊನೆಯ ಭಾನುವಾರ ಅನುರಾಧಾ ಮೇಡಂ ಬಂದರು. ಖೋಲಿ ತುಂಬಿತ್ತು. ಗುರುಬಾಯಿ ಅಧ್ಯಕ್ಷರ ಕುರ್ಚಿಯಲ್ಲಿ ಸೆರಗು ಸರಿಪಡಿಸಿಕೊಂಡು ಕುಳಿತಿದ್ದಳು. ಮೂಲೆಯಲ್ಲಿ ನಾಲ್ಕಾರು ಮಕ್ಕಳು ಬಳಗದ ತಾಳಗಳನ್ನು ಪರೀಕ್ಷಿಸುತ್ತಿದ್ದವು. ಮೇಡಂ ಎಲ್ಲರ ಊರು, ಉದ್ಯೋಗ ವಿಚಾರಿಸಿದರು. ವಿಚಾರಿಸಿದಂತೆ ಅವರ ಹುಬ್ಬು ಗಂಟಿಕ್ಕಿತು.

"ಕಳೆದ ಸಲ ಬಂದಾಗ ಎಲ್ಲರೂ ಕಡಲ ಕಡೆಯವರು, ಎಲ್ಲರೂ ಹೋಟೆಲಿನವರು. ಈ ಸಲ ಎಲ್ಲರೂ ಬಯಲುಸೀಮೆಯವರು, ಎಲ್ಲರೂ ಕಟ್ಟಡ ಕೆಲಸದವರು. ಶೇಖರ್ ಜೀ, ನಾನು ಒಳಗೊಳ್ಳಿ ಎಂದಿದ್ದೆ. ಅದಲು ಬದಲು ಮಾಡಿ ಎಂದಿರಲಿಲ್ಲ."

"ಬ್ಯಾರೆ ಮಂದೀನೂ ಅದಾರ್ರಿ ಮೇಡಂ!" ಎಂದಳು ಗುರುಬಾಯಿ. "ಶೇಖರಣ್ಣಾರ, ಎದ್ದ ನಿಂದರ್ರಿ. ಹಂಗಲ್ಲ, ಈ ಕಡಿ ತಿರಗ್ರಿ, ಮೇಡಮ್ಮಾರಿಗೆ ಕಾಣ್ಲಿ."

ನಾಕಾದಿಂದ ಇಪ್ಪತ್ತೈದು ಜನರನ್ನು ತೋರಿಕೆಗೆ ಆರಿಸಿ ತಂದ ಮನುಷ್ಯ ಈಗ ತಾನೇ ತೋರಿಕೆಯ ವಸ್ತುವಾಗಿ ಎದ್ದು ನಿಂತು, ಎಡಕ್ಕೂ ಬಲಕ್ಕೂ ತಿರುಗಿದ.

"ಒಬ್ಬರೇ?" ಎಂದರು ಮೇಡಂ.

"ನಾನೂ ಇದ್ದೇನೆ," ಎಂದು ಮೋಹಿನಿ ಅಡುಗೆ ಕಡೆಯಿಂದ ಸೌಟಿನೊಂದಿಗೆ ಪ್ರತ್ಯಕ್ಷಳಾದಳು.

"ಇವರು?"

"ನನ್ನ ಹೆಂಡತಿ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಆ ಸಣ್ಣ ಸದ್ದು ಶೇಖರನಿಗೆ ಇಡೀ ಚಾವಣಿ ಬಿದ್ದ ಹಾಗೆ ಕೇಳಿಸಿತು. ಖೋಲಿ ಹೋಯಿತು, ಮಕ್ಕಳು ಮತ್ತೆ ಸರಳುಗಳ ನಡುವೆ ಹೋದವು, ಬ್ಯಾನರು ಮತ್ತು ನಾನು ರಸ್ತೆಗೆ ಬಿದ್ದೆವು ಎಂದುಕೊಳ್ಳುವಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು.

ದೂಮಣ್ಣನವರು! ಅವರ ಹಿಂದೆ ಕುಂದಾಪುರ, ಕಾರ್ಕಳ, ಮೂಲ್ಕಿ, ಕಾಸರಗೋಡುಗಳೂ ಬಂದಿದ್ದವು. ಅವರವರ ಹೆಂಡಂದಿರು ಇದ್ದರು. ಎಲ್ಲರಿಗೂ ಹಿಂದೆ, ಸ್ಕೂಟರಿನ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಹಿತೇಶ್ ಭಾಯಿ.

"ಮೇಡಂ, ಹಮಾರಾ ಶಿಕಾಯತ್ ಹೈ! ಈ ಚುನಾವಣೆ ಮೋಸ! ಈ ಖೋಲಿಗೆ ಮೊದಲ ದೀಪ ಹಚ್ಚಿದವನು ನಾನು!"

"ದೀಪಾ ಹಚ್ಚಿದ್ರಿ, ಖರೆ. ಆರಕ್ಕ ಯಾಕ ಬರ್ಲಿಲ್ಲ?" ಎಂದಳು ಗುರುಬಾಯಿ.

"ಆರಕ್ಕೆ ಯಾರಾದರೂ ಬರ್ತಾರಾ?"

"ನಾವು ಬಂದೀವಲ್ಲ!"

"ಅದೇ ಮೋಸ!"

ಮುಂದಿನದನ್ನು ವರ್ಣಿಸಲು ಒಂದು ಲೇಖನಿ ಸಾಲದು. ದೂಮಣ್ಣನವರು ಕನ್ನಡದಲ್ಲಿ ಆರಂಭಿಸಿ ಸಿಟ್ಟೇರಿದಂತೆ ತುಳುವಿಗೆ ಇಳಿದರು. ಕಾಶಿನಾಥ ಪಂಚಾಯತ್ ಕಾಯಿದೆಯನ್ನು ಕಲಮು ಸಹಿತ ಉದ್ಧರಿಸಿದ. ಕಾರ್ಕಳದವರ ಹೆಂಡತಿ, ಇಷ್ಟು ವರ್ಷ ತಾನು ಒಳಗೆ ಪಾತ್ರೆ ತೊಳೆಯುತ್ತಿದ್ದಾಗ ಯಾರಿಗೂ ಸಮಿತಿಯ ನೆನಪಾಗಲಿಲ್ಲವೇ ಎಂದು ಸ್ವಂತ ಗಂಡನ ಮೇಲೆಯೇ ತಿರುಗಿಬಿದ್ದಳು. ಲಕ್ಷ್ಮವ್ವ ಅವಳ ಪಕ್ಕ ಹೋಗಿ ನಿಂತಳು. ಮಕ್ಕಳು ತಾಳ ಹಾಕಿದವು. ಗದ್ದಲ ಶಿಖರಕ್ಕೇರಿದಾಗ ಹಿತೇಶ್ ಭಾಯಿ ಸಮಾಧಾನದ ಸ್ವರದಲ್ಲಿ ಖೋಲಿಯನ್ನು ತಮಗೇ ಕೇಳಿದರು: "ಅರೇ, ದೋನೋಂ ಮೇ ಝಗಡಾ ಹೈ ತೋ ಖೋಲಿ ಮುಝೇ ದೇ ದೋ ನಾ."

"ನೀ ಸುಮ್ಕ ಕುಂದರೋ!" ಎಂದಳು ಗುರುಬಾಯಿ.

"ನೀನು ಬಾಯಿ ಮುಚ್ಚು ಮಾರಾಯ!" ಎಂದರು ದೂಮಣ್ಣ.

ಎರಡು ಕೂಗೂ ಒಂದೇ ಉಸಿರಿನಲ್ಲಿ ಹೊರಟವು. ಇಬ್ಬರೂ ಒಬ್ಬರನ್ನೊಬ್ಬರು ಆಶ್ಚರ್ಯದಿಂದ ನೋಡಿದರು. ಹಿತೇಶ್ ಭಾಯಿ ಕುಳಿತರು.

ಆ ಬಿಡುವಿನಲ್ಲಿ ಮೇಡಂ ಕೇಳಿದರು: "ಶೇಖರ್ ಜೀ, ನೀವು ಕಾರ್ಯದರ್ಶಿ. ಈ ಸಂಸ್ಥೆಯ ಅಧ್ಯಕ್ಷರು ಯಾರು?"

ಎಲ್ಲ ಕಣ್ಣುಗಳೂ ಶೇಖರನ ಮೇಲೆ ನೆಟ್ಟವು. ಒಂದು ಕಡೆ ಗಲ್ಲಾದ ಧಣಿ, ಅನ್ನದಾತ. ಇನ್ನೊಂದು ಕಡೆ ಗುರುಬಾಯಿ. ಅವಳು ಅವನ ಕಡೆ ನೋಡಲೂ ಇಲ್ಲ, ಮಗುವೊಂದರ ಕೈಯಿಂದ ತಾಳ ಬಿಡಿಸಿಕೊಳ್ಳುತ್ತಿದ್ದಳು. ಜೀವನದಲ್ಲಿ ಮೊದಲ ಬಾರಿ 'ಗೊತ್ತಿಲ್ಲ' ಎನ್ನಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ.

"ಗುರುಬಾಯಿಯವರು," ಎಂದ ಶೇಖರ. "ನ್ಯಾಯವಾಗಿ ಆರಿಸಿಬಂದವರು. ಸಭೆ ಆರಕ್ಕೇ ಇತ್ತು ದೂಮಣ್ಣ. ನಾಳೆಯೂ ಪಾರ್ಸೆಲ್ ಕಟ್ಟು ಅಂದರೆ ಕಟ್ಟುತ್ತೇನೆ."

ದೂಮಣ್ಣನವರು ಧೋತರದ ಚುಂಗು ಎತ್ತಿ ಹಿಡಿದು ಬಾಗಿಲ ಕಡೆ ತಿರುಗಿದರು. "ಏಳಿ ಎಲ್ಲ! ಇಲ್ಲಿ ನಮಗೆ ಕೆಲಸವಿಲ್ಲ!"

"ನಿಲ್ಲಿ," ಎಂದರು ಮೇಡಂ. ಅವರ ಪೆನ್ನಿನ ಮುಚ್ಚಳ ಮತ್ತೆ ತೆರೆದಿತ್ತು. "ಈ ವಾರ್ಡಿನಲ್ಲಿ ಎಷ್ಟೋ ಸಂಸ್ಥೆಗಳನ್ನು ನೋಡಿದ್ದೇನೆ. ಎಲ್ಲ ಕಡೆ ಬೇರೆಯವರನ್ನು ಸಾಲಾಗಿ ಕೂರಿಸಿ, ಕೈಗೆ ಹೂ ಕೊಟ್ಟು, ಫೋಟೋ ತೆಗೆಸುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ. ಎಲ್ಲರೂ ಒಂದೇ ಖೋಲಿಯಲ್ಲಿ ನಿಂತು, ಇದು ನಮ್ಮದು, ಇದು ನಮ್ಮದು ಎಂದು ಇಷ್ಟು ಮನಸಾರೆ ಜಗಳವಾಡಿದ್ದನ್ನು ಇಲ್ಲಿಯೇ ನೋಡಿದ್ದು. ಅನುದಾನಕ್ಕೆ ಶಿಫಾರಸು ಮಾಡುತ್ತೇನೆ. ಆದರೆ ಎರಡೂ ಕಡೆಯವರು ಇರಬೇಕು. ಈಗಲೇ, ನನ್ನೆದುರಿಗೆ ಒಂದು ಠರಾವು ಮಾಡಿ. ಒಪ್ಪದವರು ಎದ್ದು ಹೋದ ಸಂಸ್ಥೆಗೆ ಅನುದಾನವಿಲ್ಲ."

ದೂಮಣ್ಣನವರ ಒಂದು ಕಾಲು ಹೊಸ್ತಿಲಾಚೆ ಇತ್ತು. ಅವರು ಅದನ್ನು ನೋಡಿದರು, ಸರಳು ಬಿಟ್ಟ ಚಾವಣಿಯನ್ನು ನೋಡಿದರು, ಆಸೆಯಿಂದ ಮುಂದೆ ಬಾಗಿದ ಹಿತೇಶ್ ಭಾಯಿಯನ್ನು ನೋಡಿದರು. ಕಾಲನ್ನು ಒಳಕ್ಕೆ ಎಳೆದುಕೊಂಡರು.

"ಎಲ್ಲಿ ಕೂರುವುದು?"

"ಇಲ್ಲೇ ಬರ್ರಿ ಹಿರ್ಯಾರ, ಬಾಜೂಕ," ಎಂದು ಗುರುಬಾಯಿ ತನ್ನ ಪಕ್ಕದ ಕುರ್ಚಿಯಿಂದ ಲಕ್ಷ್ಮವ್ವನ ಮಗನನ್ನು ಎಬ್ಬಿಸಿದಳು. "ಈಗ ಕೇಳ್ರಿ ಎಲ್ಲಾರೂ. ಖೋಲಿ ಚಾವಣಿ ದುರಸ್ತಿ ಆಗಬೇಕು, ಗಿಲಾವ್ ನಮ್ಮ ನಾಕಾದ ಮಂದೀನ ಮಾಡಬೇಕು, ಹಗಲ ಹೊತ್ತು ಕೂಸುಗೋಳು ಇಲ್ಲೇ ಇರಬೇಕು. ಯಾರದರ ತಕರಾರ ಐತೇನು?"

"ನನ್ನದು ಉಂಟು," ಎಂದರು ದೂಮಣ್ಣ.

"ಯಾಕ್ರಿ, ಚಾವಣಿ ಬ್ಯಾಡೇನು?"

"ಚಾವಣಿ ಬೇಕು."

"ಕೂಸುಗೋಳು ಬ್ಯಾಡೇನು?"

ಲಕ್ಷ್ಮವ್ವನ ಮಗ ಅಷ್ಟರಲ್ಲಾಗಲೇ ಬೇರೆ ಜಾಗ ಕಾಣದೆ ದೂಮಣ್ಣನವರ ಮಡಿಲನ್ನು ಏರಿ ಅವರ ಗಡಿಯಾರದ ಪಟ್ಟಿ ಬಿಚ್ಚುತ್ತಿದ್ದ. "ಇರಲಿ ಮಾರಾಯ್ತಿ, ಮಕ್ಕಳು ಎಲ್ಲಿಗೆ ಹೋಗ್ತವೆ ಮಳೆಯಲ್ಲಿ!"

"ಮತ್ತ ತಕರಾರ ಏನು?"

"ಮೇಡಂ ಹೇಳಿದ್ದು ಕೇಳಲಿಲ್ಲವಾ ನೀನು? ನಾವೆಲ್ಲ ಒಪ್ಪಿಬಿಟ್ಟರೆ ಒಪ್ಪದವರು ಎಲ್ಲಿ ಅಂತ ಕೇಳ್ತಾರೆ, ಅನುದಾನ ಅಲ್ಲಿಗೆ ಮುಗೀತು! ಬಳಗಕ್ಕೋಸ್ಕರ ನಾನೊಬ್ಬ ವಿರೋಧ ಮಾಡಲೇಬೇಕು. ಬರಕೋ ಶೇಖರ, ಗಟ್ಟಿ ವಿರೋಧ ಅಂತ ಬರಿ!"

ಶೇಖರ ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಉಚ್ಚರಿಸುತ್ತ, ದುಂಡಾದ ಅಕ್ಷರಗಳಲ್ಲಿ ಬರೆದ: 'ಅಧ್ಯಕ್ಷೆ ಗುರುಬಾಯಿಯವರು ಮಂಡಿಸಿದ ಈ ಠರಾವನ್ನು, ಶ್ರೀ ದೂಮಣ್ಣನವರ ತೀವ್ರ ವಿರೋಧದೊಂದಿಗೆ, ಸರ್ವಾನುಮತದಿಂದ ಅಂಗೀಕರಿಸಲಾಯಿತು.'